ಅಟ್ಟದಲ್ಲಿ ಸಿಕ್ಕ ಟ್ರಂಪ್ ಕಾರ್ಡ್ ಡಬ್ಬ: ಶ್ರೀನಾಥ್‌ಗೆ ರಬ್ಬರ್ ಬ್ಯಾಂಡ್ ಅಂಟಿಕೊಂಡಿದೆ, ಏನ್ ಮಾಡ್ಲಿ?

ಅರಸೀಕೆರೆ ಜಂಕ್ಷನ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಕಥೆ ಉದ್ದ. ಬರೀ ಪ್ರಶ್ನೆ ಸಾಕು ಅನ್ನುವವರು ಕೊನೆಯ ಪ್ಯಾರಾಕ್ಕೆ ಹೋಗಿ.

ಹೋದ ವಾರ ಅಮ್ಮನ ಮನೆಯ ಅಟ್ಟ ಖಾಲಿ ಮಾಡಿದೆವು. ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುವ ಕೆಲಸ. ತೂತು ಬಿದ್ದ ಹಂಡೆ, ಮುರಿದ ತೊಟ್ಟಿಲು, ಯಾರದೋ ಮದುವೆಗೆ ತಂದು ಹಿಂದಿರುಗಿಸದೇ ಉಳಿದ ಎರಡು ಜಮಖಾನ. ಇವೆಲ್ಲದರ ಹಿಂದೆ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಿದೆ. ಒಳಗೆ ನನ್ನ ಕ್ರಿಕೆಟ್ ಟ್ರಂಪ್ ಕಾರ್ಡ್‌ಗಳು! (ಒಂದೊಂದರಲ್ಲೂ ಒಬ್ಬ ಆಟಗಾರನ ಚಿತ್ರ, ರನ್, ವಿಕೆಟ್ ಲೆಕ್ಕ. ಸರದಿ ಇದ್ದವನು ಒಂದು ಲೆಕ್ಕ ಕೂಗಬೇಕು, ಯಾರ ಮೇಲಿನ ಕಾರ್ಡಿನ ಅಂಕಿ ದೊಡ್ಡದೋ ಅವನಿಗೆ ಎದುರಿನವನ ಕಾರ್ಡ್.) 1996ರವು. ಆಗ ನನಗೆ ಹತ್ತು ವರ್ಷ.

ಮೊದಲು ಬಂದದ್ದು ವಾಸನೆ. ತುಕ್ಕು, ಹಳೇ ಪುಸ್ತಕ, ಜೊತೆಗೆ ಒಂಚೂರು ಹುಣಸೆಹಣ್ಣು. ಆಟ ಆಡುವಾಗ ಜೇಬಿನಲ್ಲಿ ಉಪ್ಪು ಬೆರೆಸಿದ ಹುಣಸೆಹಣ್ಣು ಇರುತ್ತಿತ್ತು, ಕೈ ಒರೆಸಿಕೊಳ್ಳುವ ಅಭ್ಯಾಸ ಇರಲಿಲ್ಲ.

ಕೆಲಸದವರು ಕೆಳಗಿಂದ ಕೂಗುತ್ತಿದ್ದರು. ನಾನು ಅಟ್ಟದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಎಣಿಸಿದೆ. ಮೂವತ್ತೊಂದು. ಎಲ್ಲಕ್ಕಿಂತ ಮೇಲೆ ವೇಗದ ಬೌಲರ್ ಜಾವಗಲ್ ಶ್ರೀನಾಥ್. ಅದು ಆಕಸ್ಮಿಕ ಅಲ್ಲ. ಜಾವಗಲ್ ನಮ್ಮ ತಾಲ್ಲೂಕು. ಶ್ರೀನಾಥ್ ಹುಟ್ಟಿದ್ದು ಮೈಸೂರಲ್ಲಿ ಅಂತ ಆಮೇಲೆ ಗೊತ್ತಾಯ್ತು, ಆದ್ರೆ ಹೆಸರಿನ ಮುಂದಿರೋ ಊರು ನಮ್ಮದೇ ಅಲ್ವಾ? ನಮ್ಮ ಬೀದಿಯಲ್ಲಿ ಯಾರ ಕಟ್ಟಿನಲ್ಲೇ ಆಗಲಿ ಶ್ರೀನಾಥ್ ಮೇಲೇ ಇರಬೇಕು, ಅದು ಕಾನೂನು. ಒಂದು ದಿನದ ಪಂದ್ಯಗಳಲ್ಲಿ ಅವರ ಲೆಕ್ಕ ಕೊನೆಗೆ 315 ವಿಕೆಟ್‌ಗೆ ನಿಂತಿತು. ನನ್ನ ಕಾರ್ಡ್‌ನಲ್ಲಿ ಅದರ ಅರ್ಧವೂ ಇಲ್ಲ. ಮುಖದ ಮೇಲೆ ಇನ್ನೂ ಹುಡುಗುತನ. ದ್ರಾವಿಡ್ ಅಂತೂ ಕಟ್ಟಿನಲ್ಲೇ ಇಲ್ಲ, ಆತ ಇನ್ನೂ ಬಂದಿರಲೇ ಇಲ್ಲ.

ಈಗ ಮುಖ್ಯ ವಿಷಯ. ಆ ಮೂವತ್ತೊಂದರಲ್ಲಿ ಆರು ಕಾರ್ಡ್ ಅಂಗಡಿಯವಲ್ಲ. ನನ್ನ ಸೋದರಮಾವ ಮಾಡಿದ್ದು.

ಮಾಮ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. 1974ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್ ನೋಡಲು ರಜ ಹಾಕಿ ಹೋದವರು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬಾಂಬೆಯನ್ನು ಕರ್ನಾಟಕ ಮಣಿಸಿ, ಆಮೇಲೆ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ರಣಜಿ ಗೆದ್ದ ವರ್ಷ ಅದು. ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದ ಚೆಂಡನ್ನು ಮಾಮ ಊಟದ ತಟ್ಟೆ ಮುಂದೆ ನಿಂಬೆಹಣ್ಣು ಇಟ್ಟುಕೊಂಡು ತೋರಿಸುತ್ತಿದ್ದರು. ನಿಂಬೆಹಣ್ಣು ಒಂದು ಸಲವೂ ಅವರು ಹೇಳಿದ ಕಡೆ ತಿರುಗಲಿಲ್ಲ.

ನಾನು ಹೊಸ ಟ್ರಂಪ್ ಕಾರ್ಡ್ ತಂದ ದಿನ ಅವರು ಕಟ್ಟನ್ನು ಪೂರ್ತಿ ನೋಡಿ, "ವಿಶ್ವನಾಥ್ ಎಲ್ಲಿ? ಚಂದ್ರ ಎಲ್ಲಿ?" ಅಂದರು. ಇಲ್ಲ ಅಂದೆ. "ಹಂಗಾದ್ರೆ ಇದು ಕಟ್ಟೇ ಅಲ್ಲ" ಅಂದರು. ಮುಂದಿನ ಭಾನುವಾರ ಹಳೇ ಪೇಪರ್ ರಾಶಿ, ಕತ್ತರಿ, ಮೈದಾ ಗೋಂದು ಹಿಡಿದು ಜಗಲಿ ಮೇಲೆ ಕೂತರು. ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ, ಕಿರ್ಮಾನಿ, ಬ್ರಿಜೇಶ್ ಪಟೇಲ್, ರೋಜರ್ ಬಿನ್ನಿ. ಅಂಕಿಗಳೆಲ್ಲ ಅವರ ರೈಲ್ವೆ ಅಕ್ಷರದಲ್ಲಿ, ನೀಲಿ ಇಂಕಿನಲ್ಲಿ. ಚಂದ್ರ ಕಾರ್ಡ್ ಈಗ ನನ್ನ ಕೈಲಿದೆ: ಟೆಸ್ಟ್ 58, ರನ್ 167, ವಿಕೆಟ್ 242, ಉತ್ತಮ ಬೌಲಿಂಗ್ 79ಕ್ಕೆ 8. ರನ್ 167ರ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ "ಸಾಕು" ಅಂತ ಬರೆದಿದ್ದಾರೆ.

ತೊಂದರೆ ಏನಪ್ಪಾ ಅಂದ್ರೆ, ಅವರು ರಟ್ಟಿಗೆ ಬಳಸಿದ್ದು ಹಳೇ ಮದುವೆ ಕರೆಯೋಲೆ. ಟ್ರಂಪ್ ಆಡಿದವರಿಗೆ ಗೊತ್ತು, ಹಿಂಭಾಗ ಎಲ್ಲ ಒಂದೇ ತರ ಇರಬೇಕು, ಇಲ್ಲಾಂದ್ರೆ ಎದುರಿನವನ ಮೇಲಿನ ಕಾರ್ಡ್ ಯಾವುದು ಅಂತ ಗೊತ್ತಾಗಿಬಿಡುತ್ತೆ. ನಮ್ಮ ಕಟ್ಟಿನಲ್ಲಿ ಮೂಲೆಗೆ ಅರಿಶಿನ ಹಚ್ಚಿದ್ದು ಕಂಡ್ರೆ ಚಂದ್ರ. ಬೆಳ್ಳಿ ಗಣಪತಿ ಕಂಡ್ರೆ ವಿಶ್ವನಾಥ್. "ಆಶೀರ್ವಾದವೇ ಉಡುಗೊರೆ" ಅಂತ ಕಂಡ್ರೆ ಕಿರ್ಮಾನಿ. ಅರಿಶಿನ ಕಂಡ ತಕ್ಷಣ ಎದುರಿನವನು "ರನ್!" ಅಂತ ಕಿರುಚುತ್ತಿದ್ದ, 167ರ ಚಂದ್ರ ಅವನ ಪಾಲು. ನನ್ನ ಸರದಿ ಬಂದು "ವಿಕೆಟ್" ಅಂದ್ರೆ ಮಾತ್ರ ಚಂದ್ರ ರಾಜ. ಕಪಿಲ್ 253, ಇಲ್ಲಾ ವಾಸಿಂ ಅಕ್ರಂ ಬಂದ್ರೆ ಅಷ್ಟೇ ಭಯ. ಇನ್ನೊಂದು ಜಗಳ: ಕಟ್ಟಿನಲ್ಲಿ ಇದ್ದದ್ದು ಒಂದು ದಿನದ ಪಂದ್ಯಗಳ ಲೆಕ್ಕ, ಮಾಮ ಬರೆದದ್ದು ಟೆಸ್ಟ್ ಲೆಕ್ಕ. ವಿಶ್ವನಾಥ್‌ನ 6080 ರನ್ ಆಗಿನ ಸಚಿನ್ ಕಾರ್ಡನ್ನು ಹೊಡೆದು ಹಾಕುತ್ತಿತ್ತು. ಬೀದಿ ಹುಡುಗರು ಮೋಸ ಅಂದರು. ಮಾಮ ಬಂದು, "ಟೆಸ್ಟೇ ಕ್ರಿಕೆಟ್ಟು, ಮಿಕ್ಕಿದ್ದೆಲ್ಲ ತಮಾಷೆ" ಅಂತ ತೀರ್ಪು ಕೊಟ್ಟು ಹೋದರು. ಅವರ ತೀರ್ಪನ್ನು ಯಾರೂ ಒಪ್ಪಲಿಲ್ಲ. ಆದರೂ ಆಡಿದೆವು.

ಮಾಮ ಹೋಗಿ ಒಂಬತ್ತು ವರ್ಷ.

ಇನ್ನು ನನ್ನ ಪಾಪದ ಕಥೆ. ಕಟ್ಟಿನಲ್ಲಿ ಕುಂಬ್ಳೆ ಇಲ್ಲ. ನಾನೇ ಕೊಟ್ಟೆ. ವಿಶ್ವಕಪ್ ಮುಗಿದು ಬೇಸಿಗೆ ರಜ ಶುರುವಾಗಿತ್ತು, ಎಲ್ಲರ ಬಾಯಲ್ಲೂ ಶ್ರೀಲಂಕಾದ ಜಯಸೂರ್ಯ. ಹಿಂದಿನ ಬೀದಿ ಹುಡುಗನೊಬ್ಬ ಒಂದು ಜಯಸೂರ್ಯ, ಎರಡು ಗೋಲಿ ಕೊಡ್ತೀನಿ ಅಂದ. ಕುಂಬ್ಳೆ ಕೊಟ್ಟುಬಿಟ್ಟೆ. ಅದೇ ವರ್ಷ ಅಕ್ಟೋಬರ್ 21, ಬೆಂಗಳೂರಲ್ಲಿ ಟೈಟಾನ್ ಕಪ್, ಆಸ್ಟ್ರೇಲಿಯಾ ಮೇಲೆ. 164ಕ್ಕೆ 8 ವಿಕೆಟ್ ಹೋಗಿತ್ತು. ಶ್ರೀನಾಥ್, ಕುಂಬ್ಳೆ ಸೇರಿ ಮುರಿಯದ 52 ರನ್ ಹೊಡೆದು ಗೆಲ್ಲಿಸಿದರು. ಟಿವಿಯಲ್ಲಿ ಇಬ್ಬರ ಅಮ್ಮಂದಿರನ್ನೂ ತೋರಿಸಿದರು, ನೆನಪಿದೆಯಾ? ಬೀದಿಯಲ್ಲಿ ಪಟಾಕಿ. ನನ್ನ ಕೈಲಿ ಶ್ರೀನಾಥ್ ಕಾರ್ಡ್ ಇತ್ತು, ಪಕ್ಕದಲ್ಲಿ ಇಡೋಕೆ ಕುಂಬ್ಳೆ ಇರಲಿಲ್ಲ. ಜಯಸೂರ್ಯ ಇದ್ದ. ಅವನನ್ನು ಆ ರಾತ್ರಿ ಡಬ್ಬದ ತಳಕ್ಕೆ ಹಾಕಿದವನು ಈಗ ತೆಗೆದಿದ್ದೀನಿ. ಜಯಸೂರ್ಯ ಹೊಸದರ ತರ ಫಳಫಳ ಅಂತಿದ್ದಾನೆ, ಯಾರೂ ಮುಟ್ಟಿಲ್ಲವಲ್ಲ!

ಸರಿ, ಪ್ರಶ್ನೆಗಳು. ಕಟ್ಟಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದೆ. ಒಂದು ಮುಟ್ಟಿದ ತಕ್ಷಣ ಸಂಡಿಗೆ ತರ ಪುಡಿ ಆಯ್ತು. ಇನ್ನೊಂದು ಕರಗಿ, ಬೆಲ್ಲದ ಪಾಕದ ಹಾಗೆ ಶ್ರೀನಾಥ್ ಎದೆ ಮೇಲೆ ಅಡ್ಡಲಾಗಿ ಕೂತಿದೆ. ಕಾರಿನ ಸೀಟ್ ಬೆಲ್ಟ್ ಹಾಕಿಕೊಂಡ ಹಾಗೆ ಕಾಣುತ್ತೆ ಅಂತ ನನ್ನ ಹೆಂಡತಿ. ಅದನ್ನು ಹೇಗೆ ತೆಗೆಯೋದು? ಕೆಳಗಿನ ಮೂರ್ನಾಲ್ಕು ಕಾರ್ಡ್ ಒಂದಕ್ಕೊಂದು ಅಂಟಿವೆ. ಮಾಮ ಮಾಡಿದ ಕಾರ್ಡ್‌ಗಳಲ್ಲಿ ಗೋಂದು ಇದ್ದ ಕಡೆ ಹುಳ ತಿಂದಿದೆ, ವಿಶ್ವನಾಥ್ ಬ್ಯಾಟ್ ಅರ್ಧ ಇಲ್ಲ. (ಮಾಮ ಇದ್ದಿದ್ದರೆ, ಅರ್ಧ ಬ್ಯಾಟಲ್ಲೂ ಸ್ಕ್ವೇರ್ ಕಟ್ ಹೊಡೀತಾನೆ ಬಿಡೋ ಅಂತಿದ್ದರು.) ಜೆರಾಕ್ಸ್ ಅಂಗಡಿಯವರು ಎಲ್ಲಾ ಲ್ಯಾಮಿನೇಷನ್ ಮಾಡಿಸಿಬಿಡಿ, ನೂರು ವರ್ಷ ಇರುತ್ತೆ ಅಂದರು. ಮಾಡಿಸಲಾ? ಮತ್ತೆ, ಆ ಕಾಲದ ಕುಂಬ್ಳೆ ಕಾರ್ಡ್ ಯಾರ ಹತ್ತಿರವಾದರೂ ಇದೆಯಾ? ಕನ್ನಡಕ ಹಾಕಿಕೊಂಡಿದ್ದ ಚಿತ್ರ ಅಂತ ನೆನಪು.


ಅಂಚೆಚೀಟಿ ಅಜ್ಜ:

ಅರಸೀಕೆರೆಯವರೇ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಇದನ್ನು ಮೊದಲು ಓದಿ, ಮಿಕ್ಕಿದ್ದು ಆಮೇಲೆ.

ನಾನು ನಲವತ್ತು ವರ್ಷದಿಂದ ಸ್ಟ್ಯಾಂಪ್ ಕೂಡಿಸುವವನು. ಕಾರ್ಡ್ ನನ್ನ ವಿಷಯ ಅಲ್ಲ, ಆದರೆ ಕಾಗದ ಕಾಗದವೇ. ಒಮ್ಮೆ ನಾನೂ ಮೋಸ ಹೋಗಿದ್ದೇನೆ. ಮೈಸೂರಿನಲ್ಲಿ ರಣಜಿ ಪಂದ್ಯಕ್ಕೆ ಬಂದಿದ್ದ ಆಟಗಾರರ ಹಸ್ತಾಕ್ಷರ ಒಂದು ನೋಟ್‌ಬುಕ್ ಹಾಳೆಯಲ್ಲಿ ಹಾಕಿಸಿಕೊಂಡಿದ್ದೆ. ಒಂದು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಿಂದ ತೇವ ಹೋಗಿ ಒಳಗೆ ಗುಳ್ಳೆ ಎದ್ದವು. ಹಾಳೆ ಚಹಾ ಬಣ್ಣಕ್ಕೆ ತಿರುಗಿತು. ಈಗ ಬಿಚ್ಚುವ ಹಾಗೂ ಇಲ್ಲ. ಬಿಸಿಯಲ್ಲಿ ಕರಗುವ ಅಂಟು ಕಾಗದದ ಎಳೆಯೊಳಗೇ ಇಳಿದಿರುತ್ತದೆ, ಎಳೆದರೆ ಅಕ್ಷರವೂ ಅದರ ಜೊತೆ ಬರುತ್ತದೆ. ನಿಮ್ಮ ಮಾಮನ ನೀಲಿ ಇಂಕು ಅಂತೂ ಉಳಿಯುವುದೇ ಇಲ್ಲ.

ರಬ್ಬರ್ ಬ್ಯಾಂಡ್ ಬಗ್ಗೆ: ರಬ್ಬರ್ ಗಾಳಿ, ಬಿಸಿಗೆ ಕೆಟ್ಟು ಮೊದಲು ಅಂಟಂಟಾಗಿ ಆಮೇಲೆ ಒಣಗಿ ಪುಡಿ ಆಗುತ್ತದೆ. ಒಂದೇ ಡಬ್ಬದಲ್ಲಿ ಎರಡೂ ಹಂತ ನೋಡಿದ್ದೀರಿ. ಅಂಟಂಟಾಗಿರುವುದನ್ನು ಈಗ ಉಜ್ಜಬೇಡಿ, ಹರಡುತ್ತದೆ. ಕಾರ್ಡನ್ನು ಜಿಪ್ ಕವರ್‌ನಲ್ಲಿ ಗಾಳಿ ತೆಗೆದು ಹಾಕಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಚಬೇಡಿ, ಬೆವರು ಕಾರ್ಡ್ ಮೇಲೆ ಕೂರುತ್ತದೆ. ಕವರ್ ಹೊರಗಿನ ಮಂಜು ಆರಲಿ. ಗಟ್ಟಿಯಾದ ರಬ್ಬರನ್ನು ಪ್ಲಾಸ್ಟಿಕ್ ಸ್ಕೇಲಿನ ಮೂಲೆಯಿಂದ ಅಂಚಿನ ಕಡೆಯಿಂದ ಎಬ್ಬಿಸಿ ನೋಡಿ. ಬ್ಲೇಡ್ ಬೇಡ. ಥಿನ್ನರ್, ಪೆಟ್ರೋಲ್, ಉಗುರಿನ ಬಣ್ಣ ತೆಗೆಯುವ ದ್ರವ ಯಾವುದೂ ಬೇಡ, ಬಣ್ಣವೇ ಎದ್ದು ಬರುತ್ತದೆ. ಏನೇ ಮಾಡುವ ಮೊದಲು ನಿಮಗೆ ಬೇಡವಾದ ಕಾರ್ಡ್ ಮೇಲೆ ಮಾಡಿ ನೋಡಿ. ಜಯಸೂರ್ಯ ಇದ್ದಾನಲ್ಲ.

ಕಲೆ ಉಳಿದರೆ ಉಳಿಯಲಿ. ಶ್ರೀನಾಥ್ ಮುಖಕ್ಕೆ ಏನೂ ಆಗಿಲ್ಲವಲ್ಲ.

ಒಂದಕ್ಕೊಂದು ಅಂಟಿದ ಕಾರ್ಡ್‌ಗಳನ್ನು ಎಳೆಯಬೇಡಿ. ಹಲ್ಲಿನ ಸಂದಿಗೆ ಹಾಕುವ ಡೆಂಟಲ್ ಫ್ಲಾಸ್ ದಾರ ಮೂಲೆಯಿಂದ ನಿಧಾನ ಎಳೆದುಕೊಂಡು ಹೋಗಿ. ಕೆಲವು ಬಿಡುತ್ತವೆ. ಬಿಡದಿದ್ದರೆ ಹಾಗೇ ಬಿಟ್ಟುಬಿಡಿ.

ಮಾಮನ ಕಾರ್ಡ್‌ಗಳು ಬೇರೆ ವಿಷಯ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಆಮ್ಲ ಜಾಸ್ತಿ, ಅದು ಹಳದಿ ಆಗಿ ಮುರಿಯುವುದನ್ನು ತಡೆಯೋಕೆ ಆಗಲ್ಲ, ತಡ ಮಾಡಬಹುದು ಅಷ್ಟೇ. ಇವತ್ತೇ ಎರಡೂ ಕಡೆ ಸ್ಕ್ಯಾನ್ ಮಾಡಿಡಿ. ಅರಿಶಿನದ ಕಡೆಯೂ. ಎದ್ದಿರುವ ಚಿತ್ರ ಅಂಟಿಸಬೇಕಾದರೆ ಸೆಲ್ಲೋ ಟೇಪ್, ಫೆವಿಕಾಲ್ ಬೇಡ. ತಮಾಷೆ ಏನು ಗೊತ್ತೇ? ನಿಮ್ಮ ಮಾಮ ಬಳಸಿದ್ದು ಸರಿಯಾದ ಅಂಟೇ. ಹಳೇ ಕಾಗದ ರಿಪೇರಿ ಮಾಡುವವರು ಇವತ್ತಿಗೂ ಗೋಧಿ ಪಿಷ್ಟದ ಗಂಜಿಯನ್ನೇ ಬಳಸುತ್ತಾರೆ, ನೀರು ತಾಗಿಸಿದರೆ ಬಿಡಿಸಬಹುದು ಅಂತ. ಆದರೆ ಹುಳಕ್ಕೂ ಅದೇ ಇಷ್ಟ. ಅದಕ್ಕೇ ಹಳೇ ಬೈಂಡಿಂಗ್‌ನವರು ಮೈದಾ ಗೋಂದಿಗೆ ಒಂಚೂರು ಮೈಲುತುತ್ತ ಹಾಕುತ್ತಿದ್ದರು. ಮಾಮ ಅದೊಂದು ಮರೆತರು. ನೀವು ಹಾಕಲು ಹೋಗಬೇಡಿ, ಅದು ವಿಷ, ಮನೆಯಲ್ಲಿ ಮಕ್ಕಳಿರುತ್ತಾರೆ.

ಇಡುವುದು ಹೇಗೆ ಅಂದರೆ, ಪೊಕೆಮಾನ್ ಕಾರ್ಡ್ ಆಡುವ ಮಕ್ಕಳಿಗೆ ಮಾರುವ ತೆಳು ಕವರ್ ಸಿಗುತ್ತವೆ. ಪಾಲಿಪ್ರೊಪಿಲೀನ್ ಅಂತ ಬರೆದಿರುವುದನ್ನೇ ತಗೊಳ್ಳಿ. ಹಳೇ ಫೋಟೋ ಆಲ್ಬಮ್‌ನ ಮೆತ್ತಗಿನ, ವಾಸನೆ ಬರುವ ಪಿವಿಸಿ ಹಾಳೆ ಬೇಡವೇ ಬೇಡ. ಅದು ಎಣ್ಣೆ ಬಿಟ್ಟ ಹಾಗೆ ಬಿಟ್ಟು ಕಾರ್ಡಿಗೆ ಅಂಟುತ್ತದೆ. ನುಸಿಗುಳಿಗೆಯನ್ನೂ ಅದೇ ಡಬ್ಬದಲ್ಲಿ ಹಾಕಬೇಡಿ, ಕೆಲವು ಪ್ಲಾಸ್ಟಿಕ್ಕನ್ನು ಅದು ಮೆತ್ತಗೆ ಮಾಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಸಾಕು. ಮತ್ತೆ ಅಟ್ಟ ಹತ್ತಿಸಬೇಡಿ, ಬೀರುವಿನ ನಡು ಅರೆಯಲ್ಲಿಡಿ.


ಹುಬ್ಬಳ್ಳಿ ಫುಲ್‌ಟಾಸ್:

ಅಣ್ಣಾ, ಎಲ್ಲಾ ಓದಿದೆ. ಒಂದೇ ಪ್ರಶ್ನೆ. ರೊಕ್ಕ ಎಷ್ಟು ಬರ್ತದ?


ಅರಸೀಕೆರೆ ಜಂಕ್ಷನ್:

ಅಜ್ಜನವರೇ, ತುಂಬಾ ಥ್ಯಾಂಕ್ಸ್. ಫ್ರೀಜರ್ ವಿಷಯ ಹೆಂಡತಿಗೆ ಹೇಳಿದೆ. ಬಟಾಣಿ ಪಕ್ಕದಲ್ಲಿ ಜಯಸೂರ್ಯ ಮಲಗಿದ್ದಾನೆ. ಆ ಮುರಿದ ರಬ್ಬರ್ ಬ್ಯಾಂಡಿನ ಇನ್ನೊಂದು ತುಣುಕು ಅವನಿಗೂ ಮೆತ್ತಿತ್ತು, ನಾನು ನೋಡಿರಲಿಲ್ಲ.

ಹುಬ್ಬಳ್ಳಿಯವರೇ, ನನಗೆ ಗೊತ್ತಿರೋ ಹಾಗೆ ಏನೂ ಬರಲ್ಲ. ಮೂಲೆ ಮಡಚಿದೆ, ಹಿಂದೆ ಪೆನ್ನಲ್ಲಿ ನನ್ನ ಹೆಸರು, ಐದನೇ ಕ್ಲಾಸು, 'ಬಿ' ಸೆಕ್ಷನ್ ಅಂತ ಬರೆದಿದ್ದೀನಿ. ಯಾರು ತಗೋತಾರೆ?


ಹುಬ್ಬಳ್ಳಿ ಫುಲ್‌ಟಾಸ್:

ಹೋಗ್ಲಿ ಬಿಡ್ರಿ. ಕೇಳೋದು ನನ್ನ ಚಟ. ನಿಮಗಿಂತ ಹತ್ತು ವರ್ಷ ದೊಡ್ಡವ ನಾನು, ನಮ್ಮ ಕಾಲದಾಗ ಟ್ರಂಪ್ ಕಾರ್ಡ್ ಅಲ್ಲ, ಬಿಗ್ ಫನ್ ಬಬಲ್ ಗಮ್. 1987ರ ರಿಲಯನ್ಸ್ ವಿಶ್ವಕಪ್ ಸುಮಾರಿಗೆ. ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ, ಜೊತೆಗೆ ಇಷ್ಟು ರನ್, ಇಷ್ಟು ವಿಕೆಟ್ ಅಂತ ಇರುತ್ತಿತ್ತು. ಕೂಡಿಸಿ ಕೊಟ್ಟರೆ ಒಂದು ಸಣ್ಣ ಪುಸ್ತಕ ಸಿಗುತ್ತಿತ್ತು. ಹೆಬ್ಬೆರಳಿಂದ ಪುಟ ಸರಸರ ಬಿಟ್ಟರೆ ಒಳಗಿನ ಆಟಗಾರ ಆಡುತ್ತಿದ್ದ! ಸಿನಿಮಾ ಕೈಯಾಗೇ ಇತ್ತು.

ನನ್ನ ಸಮಸ್ಯೆ ಏನಂದ್ರ, ರನ್ ಬೇಕಾದಷ್ಟು ಆಗುತ್ತಿತ್ತು, ವಿಕೆಟ್ ಸಿಗುತ್ತಿರಲಿಲ್ಲ. ನಮ್ಮ ಕಡೆ ಅಂಗಡಿ ಕಾಕಾನ ಮುಂದೆ ನಿಂತು, ಗಮ್ ಬೆಳಕಿಗೆ ಹಿಡಿದು ಒಳಗೆ ವಿಕೆಟ್ ಕಾಣುತ್ತಾ ಅಂತ ನೋಡ್ತಿದ್ವಿ. ಏನೂ ಕಾಣುತ್ತಿರಲಿಲ್ಲ. ಕಾಕಾ ಬೈಯುತ್ತಿದ್ದ. ಗಮ್ಮು ಅಗಿದು ಅಗಿದು ದವಡೆ ನೋವು ಬಂದು, ಕೊನೆಗೆ ಗಮ್ಮನ್ನು ತಂಗಿಗೆ ಕೊಟ್ಟು ಚಿತ್ರ ನಾನು ಇಟ್ಟುಕೊಳ್ಳೋ ಒಪ್ಪಂದ ಆಯ್ತು. ಅವಳು ಖುಷಿ, ನಾನೂ ಖುಷಿ. ಚಿತ್ರ ಎಲ್ಲಿ ಹೋದವು? ಮನೆ ಬದಲಿಸುವಾಗ ಅವ್ವ ಒಲೆಗೆ ಹಾಕಿದಳು. ನೀರು ಕಾಯಿಸೋಕೆ. ಕಪಿಲ್ ದೇವ್ ಮೇಲೆ ಕಾದ ನೀರಲ್ಲಿ ಸ್ನಾನ ಮಾಡಿದವ ನಾನು.

ನಿಮ್ಮ ಡಬ್ಬ ಉಳಿದದ್ದು ನೋಡಿ ಹೊಟ್ಟೆಕಿಚ್ಚು ಆಗ್ತದ, ಅಷ್ಟೇ.


ಲೀಡ್ಸ್‌ನಲ್ಲಿ ಒಬ್ಬ:

ದುಡ್ಡಿನ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೀನಿ. ನಾನು ದಾವಣಗೆರೆಯವನು, ಈಗ ಇಂಗ್ಲೆಂಡಲ್ಲಿದ್ದೀನಿ. ಇಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಗೆ ಹೋಗೋದು ನನ್ನ ಹವ್ಯಾಸ. ಸಿಗರೇಟ್ ಕಾರ್ಡ್ ನೋಡಿದ್ದೀರಾ? ಮೊದಮೊದಲು ಸಿಗರೇಟ್ ಪ್ಯಾಕ್ ಮೆತ್ತಗೆ ಇರುತ್ತಿತ್ತು, ಸಿಗರೇಟ್ ಬಾಗದಿರಲಿ ಅಂತ ಒಳಗೆ ಒಂದು ರಟ್ಟಿನ ತುಂಡು ಹಾಕುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರು, ಜನ ಕೂಡಿಸೋಕೆ ಶುರು ಮಾಡಿದರು. ಈ ಹುಚ್ಚಿನ ಬೇರು ಅಲ್ಲಿದೆ.

ನನ್ನ ಹತ್ತಿರ ಇರೋದು ಜಾನ್ ಪ್ಲೇಯರ್ ಕಂಪನಿಯ 1938ರ ಕ್ರಿಕೆಟಿಗರ ಸೆಟ್. 50 ಕಾರ್ಡ್. ಒಂದೊಂದೂ ಸುಮಾರು 68 ಮಿ.ಮೀ. ಉದ್ದ, 36 ಮಿ.ಮೀ. ಅಗಲ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ ಅಷ್ಟೇ. ಆ ವರ್ಷ ಆಸ್ಟ್ರೇಲಿಯಾ ಇಂಗ್ಲೆಂಡಿಗೆ ಬಂದಿತ್ತು, ಹಾಗಾಗಿ ಬ್ರಾಡ್ಮನ್ ಇದ್ದಾನೆ. ಆಲ್ಬಮ್‌ಗೆ ಒಂದು ಪೆನಿ ಅಂತ ಅದರ ಮೇಲೇ ಅಚ್ಚಾಗಿದೆ. ಕಾರ್ಡಿನ ಹಿಂದೆ ಸ್ಟ್ಯಾಂಪಿಗೆ ಇದ್ದ ಹಾಗೆ ಗೋಂದು, ನಾಲಿಗೆ ತಾಗಿಸಿ ಅಂಟಿಸೋದು. ನನ್ನ ಆಲ್ಬಮ್‌ನಲ್ಲಿ ಯಾವುದೋ ಮಗು ಒಂದು ಕಾರ್ಡನ್ನು ತಲೆಕೆಳಗಾಗಿ ಅಂಟಿಸಿದೆ. ಮಾರುವ ಮುದುಕ ಅದಕ್ಕೇ ಬೆಲೆ ಕಡಿಮೆ ಮಾಡಿದ. ನಾನು ತಗೊಂಡದ್ದೇ ಅದಕ್ಕೆ ಅಂತ ಅವನಿಗೆ ಹೇಳಲಿಲ್ಲ. ಮರುವರ್ಷವೇ ಯುದ್ಧ ಬಂದು, ಕಾಗದದ ಅಭಾವಕ್ಕೆ ಇಲ್ಲಿ ಸಿಗರೇಟ್ ಕಾರ್ಡೇ ನಿಂತುಹೋಯಿತು. ಆ ಮಗು ಎಷ್ಟು ದೊಡ್ಡದಾಗಿತ್ತೋ ಆಗ.

ದೊಡ್ಡ ದುಡ್ಡು ಇರೋದು ಅಮೆರಿಕದ ಬೇಸ್‌ಬಾಲ್ ಕಾರ್ಡಿನಲ್ಲಿ. ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ 1909ರ ಸುಮಾರಿನ ಸಿಗರೇಟ್ ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಅದೇ ವರ್ಷ ಮಿಕಿ ಮ್ಯಾಂಟಲ್‌ನ 1952ರ ಟಾಪ್ಸ್ ಕಂಪನಿಯ ಕಾರ್ಡ್ 1.26 ಕೋಟಿ ಡಾಲರಿಗೆ. ಹುಬ್ಬಳ್ಳಿಯವರ ಹೊಟ್ಟೆ ಉರಿ ತಣ್ಣಗಾಗಲಿ ಅಂತ ಇನ್ನೊಂದು ವಿಷಯ: ಆ 1952ರ ಕಾರ್ಡ್‌ಗಳು ಮಾರಾಟ ಆಗದೇ ಗೋದಾಮಿನಲ್ಲಿ ಕೊಳೀತಿದ್ದವು. 1960ರಲ್ಲಿ ಕಂಪನಿಯವರೇ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ನಿಮ್ಮ ಅವ್ವ ಕನಿಷ್ಠ ನೀರಾದರೂ ಕಾಯಿಸಿದರು.

ಕುಂಬ್ಳೆ ಹುಡುಕೋಕೆ ಆನ್‌ಲೈನ್‌ಗೆ ಇಳಿಯೋದಾದ್ರೆ ಹುಷಾರು. ನಾನು ಒಮ್ಮೆ 1930ರದು ಅಂತ ಹೇಳಿದ ಕಾರ್ಡ್ ತರಿಸಿದೆ. ನೋಟು ಪರೀಕ್ಷೆ ಮಾಡೋ ನೀಲಿ ಲೈಟ್ ಬಿಟ್ಟರೆ ಟ್ಯೂಬ್‌ಲೈಟ್ ತರ ಹೊಳೀತು. ಯುದ್ಧಕ್ಕೆ ಮುಂಚಿನ ಕಾಗದ ಹಾಗೆ ಹೊಳೆಯಲ್ಲ, ಬಿಳುಪು ಹೆಚ್ಚಿಸೋ ಆ ರಾಸಾಯನಿಕ ಕಾಗದಕ್ಕೆ ಬಂದದ್ದು ಆಮೇಲೆ. 90ರ ದಶಕದ ಕಾರ್ಡಿಗೆ ಈ ಪರೀಕ್ಷೆ ಕೆಲಸಕ್ಕೆ ಬರಲ್ಲ. ಅದಕ್ಕೆ ಭೂತಗನ್ನಡಿ ಹಿಡಿದು ನೋಡಿ. ಅಸಲಿ ಆಫ್‌ಸೆಟ್ ಅಚ್ಚಿನಲ್ಲಿ ಚುಕ್ಕಿಗಳು ಸಾಲಾಗಿ, ರಂಗೋಲಿ ಇಟ್ಟ ಹಾಗಿರುತ್ತವೆ. ಇಂಕ್‌ಜೆಟ್‌ನಲ್ಲಿ ತೆಗೆದ ನಕಲು ಆದ್ರೆ ಯಾರೋ ಕುಂಕುಮ ಚೆಲ್ಲಿದ ಹಾಗೆ.

ಮಾಮನ ಕಾರ್ಡ್ ಬಗ್ಗೆ ಒಂದು ಮಾತು. ಬೇರೆ ಯಾವುದೇ ಕಾರ್ಡ್ ನನಗೆ ಇನ್ನೊಂದು ಸಿಗಬಹುದು. ರನ್ 167, "ಸಾಕು" ಅನ್ನೋ ಕಾರ್ಡ್ ಎಲ್ಲಿಂದ ತರಲಿ? ಫೋಟೋ ಹಾಕಿ ಸಾರ್, ದಯವಿಟ್ಟು.


ಶಿವಮೊಗ್ಗ ಲೆಗ್‌ಬ್ರೇಕ್:

ನನ್ನ ಹತ್ತಿರ ಕುಂಬ್ಳೆ ಇದ್ದಾನೆ.

ಮೊದಲು ಒಂದು ತಿದ್ದುಪಡಿ. ಕನ್ನಡಕ ಇಲ್ಲ. ಮೀಸೆ ಇದೆ. ಕನ್ನಡಕ ಹಾಕ್ತಿದ್ದದ್ದು 1990ರಲ್ಲಿ ಹೊಸದಾಗಿ ತಂಡಕ್ಕೆ ಬಂದಾಗ. ನಿಮ್ಮ ನೆನಪಿನಲ್ಲಿ ಎರಡು ಕುಂಬ್ಳೆ ಸೇರಿಕೊಂಡಿದ್ದಾರೆ. ನಿಮ್ಮ ಶ್ರೀನಾಥ್ ಕಾರ್ಡಿನ ಅಂಚು ನೀಲಿ, ಮೂಲೆಯಲ್ಲಿ ಸಣ್ಣ ಬಾವುಟ, ಕೆಳಗೆ ಹಳದಿ ಪಟ್ಟಿಯಲ್ಲಿ ಅಂಕಿ ಇದ್ದರೆ ಇದು ಅದೇ ಕಟ್ಟು.

ನನಗೆ ಇದು ಹೇಗೆ ಬಂತು ಅಂದ್ರೆ, ಅಣ್ಣ ಮತ್ತೆ ಅವನ ಸ್ನೇಹಿತರು ನಮ್ಮನೆ ಹಜಾರದಲ್ಲಿ ಆಡ್ತಿದ್ದರು. ನನ್ನನ್ನು ಸೇರಿಸುತ್ತಿರಲಿಲ್ಲ. "ನಿಂಗೆ ಏನ್ ಗೊತ್ತಾಗುತ್ತೆ ಹೋಗೇ, ನೀರು ತಗೊಂಡು ಬಾ." ನಾನು ನೀರು ತರ್ತಿದ್ದೆ, ಹಿಂದೆ ನಿಂತು ಕಾರ್ಡ್ ಓದ್ತಿದ್ದೆ. ಮೂರು ವಾರದಲ್ಲಿ ಇಡೀ ಕಟ್ಟಿನ ಅಂಕಿ ಬಾಯಿಪಾಠ. ಮಗ್ಗಿ ಬರ್ತಿರಲಿಲ್ಲ, ಅದು ಬೇರೆ ವಿಷಯ. ಒಂದು ದಿನ ಮಳೆ ಅಂತ ಸ್ನೇಹಿತರು ಯಾರೂ ಬರಲಿಲ್ಲ. ನಮ್ಮೂರ ಮಳೆ ಗೊತ್ತಲ್ಲ, ನಾಲ್ಕು ದಿನ ಬಿಡಲಿಲ್ಲ. ಅಣ್ಣ ಬೇಜಾರಾಗಿ, "ಬಾ, ಆಡ್ತೀಯಾ?" ಅಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನ ಕೈಲಿ ಒಂದೇ ಕಾರ್ಡ್ ಉಳಿದಿತ್ತು. ಕುಂಬ್ಳೆ. ಅವನು "ವಿಕೆಟ್" ಅನ್ನುತ್ತಾನೆ ಅಂತ ನನಗೆ ಗೊತ್ತಿತ್ತು. ನನ್ನ ಮೇಲಿನ ಕಾರ್ಡ್ ವಾಸಿಂ ಅಕ್ರಂ.

ಅಣ್ಣ ಅತ್ತ. ಅಮ್ಮ ಬಂದು ಎಲ್ಲಾ ವಾಪಸ್ ಕೊಡು ಅಂದಳು. ಕೊಟ್ಟೆ. ಕುಂಬ್ಳೆ ಒಬ್ಬನನ್ನು ಮಾತ್ರ ಲಂಗದ ಜೇಬಿಗೆ ಹಾಕಿಕೊಂಡೆ. ಅವನು ಇವತ್ತಿನವರೆಗೂ ಅದು ಕಳೆದುಹೋಯ್ತು ಅಂತಲೇ ತಿಳಿದಿದ್ದಾನೆ.

ಅದು ನನ್ನ ಹತ್ತನೇ ಕ್ಲಾಸಿನ ಪರೀಕ್ಷೆ ದಿನ ಜಾಮಿಟ್ರಿ ಬಾಕ್ಸಿನಲ್ಲಿತ್ತು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ 74ಕ್ಕೆ 10 ವಿಕೆಟ್ ತೆಗೆದ ದಿನ ನಾನು ಕಾರ್ಡನ್ನು ತೆಗೆದು, 'ಉತ್ತಮ ಬೌಲಿಂಗ್' ಅಂತ ಇದ್ದ ಕಡೆ 12ಕ್ಕೆ 6 ಅನ್ನೋದನ್ನು ನೋಡಿದೆ. ಹೀರೋ ಕಪ್ ಫೈನಲ್‌ದು. ಪೆನ್ಸಿಲ್ ತಗೊಂಡು ಪಕ್ಕದಲ್ಲಿ 10/74 ಅಂತ ಬರೆದೆ. ಅದು ಟೆಸ್ಟ್ ಲೆಕ್ಕ, ಇದು ಒಂದು ದಿನದ್ದು, ಬರೀಬಾರದಿತ್ತು ಅಂತ ಆಮೇಲೆ ಅನ್ನಿಸಿತ್ತು. ಇವತ್ತು ನಿಮ್ಮ ಮಾಮನ ತೀರ್ಪು ಓದಿದ ಮೇಲೆ ಸಮಾಧಾನ ಆಯ್ತು.

ಕೊಡ್ತೀನಿ ಅಂತ ಹೇಳ್ತಿಲ್ಲ. ಇದೆ ಅಂತ ಹೇಳ್ದೆ.


ಅರಸೀಕೆರೆ ಜಂಕ್ಷನ್:

ಅಂಚು ನೀಲಿ. ಬಾವುಟ ಇದೆ. ಹಳದಿ ಪಟ್ಟಿ ಇದೆ. ಇದನ್ನು ಟೈಪ್ ಮಾಡುವಾಗ ಕೈ ಸ್ವಲ್ಪ ನಡುಗ್ತಿದೆ, ನಗಬೇಡಿ.

ಮೊದಲು ವರದಿ. ಜಯಸೂರ್ಯನ ಮೇಲಿನ ತುಣುಕು ಫ್ರೀಜರ್‌ನಿಂದ ಬಂದ ಮೇಲೆ ಒಂದೇ ಏಟಿಗೆ ಎದ್ದು ಬಂತು. ಧೈರ್ಯ ಬಂತು. ಶ್ರೀನಾಥ್‌ಗೂ ಅದೇ ಚಿಕಿತ್ಸೆ ಮಾಡಿದೆ. ಮುಕ್ಕಾಲು ಭಾಗ ಹೋಯ್ತು. ಎಡ ತೋಳಿನ ಹತ್ತಿರ ಒಂದು ಕಂದು ಗೆರೆ ಉಳಿದಿದೆ. ಇನ್ನೂ ಕೆರೆದರೆ ಬಣ್ಣ ಹೋಗುತ್ತೆ ಅನ್ನಿಸಿ ನಿಲ್ಲಿಸಿದೆ. ಅಂಟಿದ ನಾಲ್ಕರಲ್ಲಿ ಎರಡು ದಾರಕ್ಕೆ ಬಿಟ್ಟವು. ಮಿಕ್ಕ ಎರಡು ಬಿಡಲಿಲ್ಲ, ಹಾಗೇ ಇಟ್ಟಿದ್ದೀನಿ. ಒಂದು ಇಯಾನ್ ಹೀಲಿ, ಅವನ ಬೆನ್ನಿಗೆ ಯಾರು ಅಂತ ಗೊತ್ತಿಲ್ಲ. ಕುಂಬ್ಳೆ ಅಲ್ಲ ಅಂತ ಮಾತ್ರ ಗೊತ್ತು.

ಲೀಡ್ಸ್‌ನವರೇ, ಚಂದ್ರ ಫೋಟೋ ಕೆಳಗೆ ಹಾಕಿದ್ದೀನಿ, ಎರಡೂ ಕಡೆ.

ಶಿವಮೊಗ್ಗದ ಮೇಡಂ, ಕಾರ್ಡ್ ಕೇಳಲ್ಲ. ಕೇಳೋ ಮುಖ ನನಗಿಲ್ಲ, ಎರಡು ಗೋಲಿಗೆ ಮಾರಿದವನು. ನೀವು ಪೆನ್ಸಿಲಲ್ಲಿ ಬರೆದದ್ದಂತೂ ಪೂರ್ತಿ ಸರಿ. ಒಂದು ಕೇಳ್ತೀನಿ ಅಷ್ಟೇ. ಅರಸೀಕೆರೆಯಿಂದ ಶಿವಮೊಗ್ಗಕ್ಕೆ ರೈಲಿದೆ, ಬೀರೂರು ಮೇಲೆ ಹೋಗುತ್ತೆ. ಒಂದು ಭಾನುವಾರ ಡಬ್ಬ ತಗೊಂಡು ಬರ್ತೀನಿ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಒಂದು ಫೋಟೋ ತೆಗೆದುಕೊಳ್ಳಲಾ?


ಶಿವಮೊಗ್ಗ ಲೆಗ್‌ಬ್ರೇಕ್:

ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ. ಊಟ ನಮ್ಮಲ್ಲೇ. ಅಣ್ಣನನ್ನೂ ಕರೀತೀನಿ, ಇಷ್ಟು ವರ್ಷದ ಮೇಲಾದರೂ ಅವನಿಗೆ ಗೊತ್ತಾಗಲಿ.

ಬರೀ ಫೋಟೋ ಯಾಕೆ? ಆಡೋಣ. ಗೆದ್ದರೆ ಕುಂಬ್ಳೆ ನಿಮಗೆ, ಸೋತರೆ ಶ್ರೀನಾಥ್ ನನಗೆ. ಮಾಮನ ಆರು ಕಾರ್ಡೂ ಆಟದಲ್ಲಿ ಇರಬೇಕು, ಟೆಸ್ಟ್ ಲೆಕ್ಕದಲ್ಲೇ. ಅವನ್ನು ಮಾತ್ರ ಯಾರು ಗೆದ್ದರೂ ನಿಮ್ಮ ಡಬ್ಬಕ್ಕೇ ವಾಪಸ್.

ಅರಿಶಿನ ಕಂಡ್ರೆ ಚಂದ್ರ ಅಂತ ನೀವೇ ಬರೆದುಬಿಟ್ಟಿದ್ದೀರಿ. ನೆನಪಿಟ್ಟುಕೊಂಡಿದ್ದೀನಿ.